ಹೆಬ್ಬೆರಳು ಹೊರಗಿರಲಿ

ಹೆಬ್ಬೆರಳು ಹೊರಗಿರಲಿ, ಓಡ್ನಿ,
ಸ್ಟಿಯರಿಂಗ್ ಬಳೆಯೊಳಗೆ ಸಿಕ್ಕಿಸಬೇಡ.
ಕಲ್ಲು ಗಾಲಿಗೆ ಒದ್ದರೆ ಗಾಲಿ ನಿನಗೆ ಒದೆಯುತ್ತದೆ.
ರಕ್ಷಣಾ ಪಡೆಗೆ ಸೇರಿದ ದಿನ ಮುದುಕ ಕೆತಿಲ್ ಹೇಳಿದ್ದು.

ಮೂವತ್ತೊಂದು ಚಳಿಗಾಲ ಹೊರಗೇ ಇಟ್ಟೆ.
ಮೂವತ್ತೆರಡನೆಯದರಲ್ಲಿ, ಮಾರ್ಚಿನ ಒಂದು ಸಂಜೆ,
ಸ್ಪ್ರೆಂಗಿಸಂದುರಿನ ಹೆಪ್ಪುಗಟ್ಟಿದ ಹೊಳೆಯ ನಡುವೆ
ಮೂಗೊರೆಸಿಕೊಂಡು ಕೈ ಮರಳಿಸಿದೆ ನೋಡಿ,
ಬೆರಳು ಪಾಠ ಮರೆತಿತ್ತು.
ಮಂಜು ಬಿರಿಯಿತು, ಗಾಲಿ ಕುಸಿದು ಕಲ್ಲಿಗೆ ಬಡಿಯಿತು.
ಸದ್ದು ಮೊದಲು ಬಂತು, ಒಣಮೀನು ಮುರಿದ ಹಾಗೆ.
ನೋವು ಆಮೇಲೆ, ಸಾವಕಾಶವಾಗಿ,
ನೆಂಟರ ಹಾಗೆ ಬಂದು ಉಳಿಯಿತು.

ವಿಟೋಲ್ಡನ ಗ್ಯಾರೇಜು ಅಕುರೇರಿಯ ಬಂದರಿನ ಹಿಂದೆ.
ಪೋಲೆಂಡಿನವನು. ಹನ್ನೆರಡು ವರ್ಷ
ಮೀನುಹಡಗಿನ ರಾಟೆಗಳಿಗೆ ಎಣ್ಣೆ ಕುಡಿಸಿದವನು.
ಪಟ್ಟಿ ಸುತ್ತಿದ ನನ್ನ ಕೈ ನೋಡಲಿಲ್ಲ;
ಬಗ್ಗಿ, ನನ್ನ ಹಳೆಯ ಪಟ್ರೋಲಿನ ಹೊಟ್ಟೆ ನೋಡಿದ.
ನಲವತ್ತನಾಲ್ಕು ಇಂಚಿನ ಗಾಲಿ,
ತೊಂಬತ್ತೊಂದನೇ ಇಸವಿಯ ಸ್ಟಿಯರಿಂಗ್ ಪೆಟ್ಟಿಗೆ.
‘ತಿಮಿಂಗಿಲಕ್ಕೆ ಮೂಗುದಾರ ಹಾಕಿದ್ದೀಯ’ ಎಂದ.
‘ಕೂಲಿ ಎಷ್ಟು?’
‘ಅರ್ಧ ಕುರಿ. ಹೊಗೆ ಹಾಕಿದ್ದು.’

ಪೆಟ್ಟಿಗೆ ಬಿಚ್ಚಿ ಎರಡು ತೂತು ಕೊರೆದ,
ಎಡಕ್ಕೊಂದು ಬಲಕ್ಕೊಂದು, ತಿರುಪಿನ ಗೆರೆ ಹೊಡೆದ.
ಲೋಹದ ಪುಡಿ ಕಣವೂ ಉಳಿಯದಂತೆ ಮೂರು ಸಲ ತೊಳೆದು
ನಾಲ್ಕನೆಯ ಸಲ ಕಿರುಬೆರಳಾಡಿಸಿದ,
ಗುಂಡಿ ನುಂಗಿದ ಕೂಸಿನ ಬಾಯಿ ತಡಕುವ ಹಾಗೆ.
ಗುಜರಿಗೆ ಹೋದ ಹಡಗಿನಿಂದ ಕಳಚಿಟ್ಟಿದ್ದ ಉಕ್ಕಿನ ತೋಳು,
ಒಂದು ಗೇಣು ಹೊರಚಾಚಿ ಒಂದು ಗೇಣು ಒಳಸರಿಯುವುದು:
ಒಂದು ತುದಿ ಅಚ್ಚಿಗೆ,
ಇನ್ನೊಂದು ಎರಡು ಗಾಲಿ ಜೋಡಿಸುವ ಅಡ್ಡಸರಳಿಗೆ.
ವೆಲ್ಡಿಂಗಿನ ಬೆಳಕಿಗೆ ಮುಖ ತಿರುಗಿಸಿದೆ.
ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಡಗು
ಬೆಳಗಿತು, ಆರಿತು, ಬೆಳಗಿತು.

ಮುಂಗಾಲಿ ನೆಲದಿಂದೆತ್ತಿ, ಎಂಜಿನ್ ಹಚ್ಚದೆ,
ಈ ಕೊನೆಯಿಂದ ಆ ಕೊನೆಗೆ ತಿರುಗಿಸು ಎಂದ.
ಎಡಗೈಯಲ್ಲಿ ತಿರುಗಿಸಿದೆ.
ಎಣ್ಣೆಯ ಡಬ್ಬಿಯಲ್ಲಿ ನೊರೆ ಎದ್ದಿತು,
ಕೊಳವೆಯೊಳಗಿನ ಗಾಳಿ ತೇಗುತ್ತ ತೇಗುತ್ತ ಮೇಲೆ ಬಂತು.
‘ಗಾಳಿ ಅಮುಕಿದರೆ ಬಗ್ಗುತ್ತೆ. ಎಣ್ಣೆ ಬಗ್ಗಲ್ಲ.
ಇಷ್ಟೇ ಶಾಸ್ತ್ರ.’
ಹದಿನೆಂಟು ಸಲ. ಇಪ್ಪತ್ತು. ನೊರೆ ನಿಂತಿತು.

ಎಂಜಿನ್ ಹಚ್ಚಿ, ಗಾಡಿ ನೆಲಕ್ಕಿಳಿಸಿ,
ಕಿರುಬೆರಳಲ್ಲಿ ತಿರುಗಿಸಿದೆ. ತಿರುಗಿತು!
ನಗು ಬಂತು. ಹಿಂದೆಯೇ ಸಿಟ್ಟು.
ಈ ಭುಜಕ್ಕೆ ಇಷ್ಟು ವರ್ಷ ಯಾರೂ
ಒಂದು ಮಾತು ಹೇಳಬಾರದಿತ್ತೇ?

ಆದರೆ ಮೇ ತಿಂಗಳಲ್ಲಿ ಮತ್ತೆ ಅದೇ ಹೊಳೆ.
ಮೊದಲು ಕಲ್ಲುಗಳು ಅಂಗೈಗೆ ಹೆಸರು ಹೇಳುತ್ತಿದ್ದವು:
ನಾನು ಲಾವಾ, ನಾನು ಉರುಟು,
ನಾನು ಬರೀ ಮಂಜಿನ ತೊಗಟೆ, ಕೆಳಗೆ ಟೊಳ್ಳು, ಹುಷಾರು.
ಈಗ ಎಲ್ಲ ಆ ಉಕ್ಕಿನ ತೋಳಿನ ಕಿವಿಗೆ.
ಅದು ಗುಟ್ಟು ಬಿಡುವುದಿಲ್ಲ.
ಹೊಳೆಯ ನಡುವೆ ನಾನು ಕಿವುಡಿ.
ಗಾಜು ಇಳಿಸಿದೆ, ಹನಿ ಮುಖಕ್ಕೆ ಬಡಿಯಲಿ ಎಂದು.
ಕೂತ ಜಾಗದಿಂದ, ಬೆನ್ನುಮೂಳೆಯ ಬುಡದಿಂದ,
ಕೇಳುವುದನ್ನು ಹೊಸದಾಗಿ ಕಲಿಯುತ್ತಿದ್ದೇನೆ.
ಐವತ್ತೆಂಟಕ್ಕೆ ಅಕ್ಷರಾಭ್ಯಾಸ.

ದಡದಾಚೆ ಸೋಲ್ವಿಗೆ ಸೀಟು ಬಿಟ್ಟುಕೊಟ್ಟೆ.
ಹತ್ತೊಂಬತ್ತರ ಹುಡುಗ, ಪಡೆಗೆ ಹೊಸಬ.
‘ಹೆಬ್ಬೆರಳು ಹೊರಗೆ.’
‘ಹೈಡ್ರಾಲಿಕ್ ಇದೆಯಲ್ಲ?’
‘ಪಂಪಿನ ಬೆಲ್ಟು ಹರಿದ ದಿನ?’
ಹುಡುಗ ಬೆರಳು ಈಚೆ ತೆಗೆದ,
ಒಮ್ಮೆ ನನ್ನ ಕೈ ನೋಡಿದ.

ನನ್ನದು ಈಗ ಮಡಚುವುದಿಲ್ಲ.
ಹೇಳದೆಯೇ ಹೊರಗೆ ನಿಂತಿರುತ್ತದೆ,
ಬಟಾಬಯಲಿನ ರಸ್ತೆಯಂಚಲ್ಲಿ
ಬರುವ ಗಾಡಿಗೆ ಬೆರಳೆತ್ತಿ ಕಾಯುವವರ ಹಾಗೆ.