ಹನ್ನೊಂದು ಮೈಲಿ

ಅಜ್ಜ ಕುದುರೆ ಕೊಳ್ಳುವಾಗ
ತುಟಿ ಎತ್ತಿ ಹಲ್ಲು ನೋಡುತ್ತಿದ್ದನಂತೆ.
ನಾನು ಬಾನೆಟ್ ಎತ್ತಿ ನೋಡಿದೆ,
ಮೂರು ಊರಲ್ಲಿ ಮೂರು ಬಣ್ಣದ ಬಾನೆಟ್ಟು.
ಒಳಗೆ ಎಲ್ಲಕ್ಕೂ ಹೊಸ ಹಲ್ಲೇ.

ಹಸಿರಿನದು ಗಾಜಿನ ಅರಮನೆ, ನಲವತ್ತಾರು ಮೈಲಿ.
ಕಾಫಿ ಕೊಟ್ಟರು, ಟೋಪಿ ಕೊಟ್ಟರು,
ಕೈಗೆ ಕೊಟ್ಟರು, ತಲೆಗೆ ಹಾಕಲಿಲ್ಲ, ಅಷ್ಟು ಪುಣ್ಯ.
‘ಕೆಟ್ಟರೆ?’ ಅಂದೆ.
‘ಕೆಡೋದೇ ಇಲ್ಲ ಮೇಡಂ’ ಅಂದ ಹುಡುಗ.
ಅವನ ಉಗುರು ಬಲು ಚೊಕ್ಕ.

ನೀಲಿಯದು ಅಗ್ಗ.
ಬಡ್ಡಿ ಸೊನ್ನೆ, ಎಂಬತ್ತನಾಲ್ಕು ಕಂತು, ಲೋಡರು ಪುಕ್ಕಟೆ.
ಶೋರೂಮಿನ ಹಿಂದೆ, ಹುಲ್ಲಿನಲ್ಲಿ,
ರಿಪೇರಿಗೆ ಬಂದ ಏಳು ಗಾಡಿ ಸಾಲಾಗಿ ನಿಂತಿದ್ದವು.
ಒಂದರ ಚಕ್ರದ ನಡುವೆ ಹಳದಿ ಕಾಡುಹೂ
ಸೊಂಟದೆತ್ತರ ಬೆಳೆದು ಬೀಜ ಕಟ್ಟಿತ್ತು.
ಯಾವ ತಿಂಗಳು ತಂದು ಬಿಟ್ಟರೋ
ಹೂವನ್ನೇ ಕೇಳಬೇಕು.

ಕಿತ್ತಳೆಯದು ಹನ್ನೊಂದು ಮೈಲಿ, ಕೆನಡಾ ಗಡಿಯ ಕಡೆ.
ತಗಡಿನ ಶೆಡ್ಡು, ಹೊಸ್ತಿಲಲ್ಲಿ ಮಲಗಿದ ನಾಯಿ,
ದಾಟಿಕೊಂಡೇ ಒಳಗೆ ಹೋಗಬೇಕು.
ಬೆಲೆ ಎರಡು ಸಾವಿರ ಡಾಲರ್ ಹೆಚ್ಚು.
ಒಂದು ಸೆಂಟೂ ಇಳಿಸಲಿಲ್ಲ ಯಜಮಾನಿ ಓಡೆಟ್,
ಕನ್ನಡಕದ ಮೇಲಿಂದ ನೋಡಿ
ಮತ್ತೆ ಬಿಲ್ಲು ಬರೆಯತೊಡಗಿದಳು.

ನನ್ನದೇನು ದೊಡ್ಡ ಜಮೀನಲ್ಲ.
ವರ್ಮಾಂಟಿನ ಈ ಗುಡ್ಡದಲ್ಲಿ ಹತ್ತೊಂಬತ್ತು ಎಕರೆ,
ಅರ್ಧ ಬಂಡೆ. ಮೂವತ್ತೊಂದು ಕುರಿ.
ಡಾಂಬರು ಮುಟ್ಟಲು ಕಾಲು ಮೈಲಿ ಮಣ್ಣುದಾರಿ,
ನವೆಂಬರಿನಿಂದ ಏಪ್ರಿಲಿನವರೆಗೆ
ಅದು ಹಿಮದೊಡನೆ ನನ್ನ ವ್ಯಾಜ್ಯ.
ಇಪ್ಪತ್ತೈದು ಕುದುರೆಬಲ ಸಾಕೋ ಮೂವತ್ತೈದು ಬೇಕೋ
ಎಂದು ನೆರೆಯ ಲೆಲ್ಯಾಂಡ್ ಬೇಲಿಗೊರಗಿ
ಒಂದಿಡೀ ಸಂಜೆ ಕೊರೆದ.
ತನ್ನ ಹಸಿರು ಗಾಡಿಗೆ ಅವನ ನಿಯತ್ತು
ಚರ್ಚಿಗೂ ಇಲ್ಲ.

ಕೊನೆಗೊಂದು ಪರೀಕ್ಷೆ ಮಾಡಿದೆ.
ಸಾಯಲೊಲ್ಲದ ನನ್ನ ಹಳೆಯದು, ಬಣ್ಣವೇ ಉಳಿಯದ್ದು,
ಬೆಳಗಿನ ಏಳಕ್ಕೆ ಅದನ್ನು ಚಾಲೂ ಮಾಡಿ
ಮೂರೂ ಕಡೆ ಫೋನು ಹಚ್ಚಿದೆ.
ಹಸಿರು: ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ.
ನೀಲಿ: ಗಾಡಿ ನಮ್ಮಲ್ಲಿ ಕೊಂಡದ್ದಲ್ಲವಲ್ಲ?
ಕಿತ್ತಳೆ: ‘ಫೋನು ಎಂಜಿನ್ನಿನ ಹತ್ತಿರ ಹಿಡಿ’
ಅಂತು ಒಂದು ಮುದಿ ಗಂಟಲು.
ಹಿಡಿದೆ.
‘ಇನ್ನೂ ಕೆಳಗೆ. ಎಡಕ್ಕೆ.’

ಹೊಲದ ಮೇಲೆ ಮಂಜು.
ಮೇಯುವುದು ಬಿಟ್ಟು ಕುರಿಗಳು ನೋಡಿದವು
ಕಬ್ಬಿಣದ ಎದೆಗೆ ಫೋನಿಟ್ಟು ಬಗ್ಗಿ ನಿಂತ ಹೆಂಗಸನ್ನು.
ಆ ಕಡೆಯಿಂದ ಬರೀ ಉಸಿರು.
ಆಮೇಲೆ:
‘ನೀರಿನ ಪಂಪಿನ ಬೇರಿಂಗು. ಬೆಲ್ಟು ಬಿಚ್ಚಿ
ಒಂದು ನಿಮಿಷ ಓಡಿಸು, ಸದ್ದು ನಿಂತರೆ ಅದೇ.
ಪಂಪು ಬದಲಿಸಿದರೆ ಈ ಚಳಿಗಾಲ ದಾಟುತ್ತೆ.
ಹೊಸದಕ್ಕೇನು ಅವಸರ?’

ಮಾರುವವನು ಆಡುವ ಮಾತೇ ಇದು!
ಅದೇ ಶುಕ್ರವಾರ ಕಿತ್ತಳೆಗೆ ಸಹಿ ಹಾಕಿದೆ.
‘ಎರಡು ಸಾವಿರ ಕೊಟ್ಟು ಕಿವಿ ಕೊಂಡೆಯಲ್ಲ’
ಎಂದು ಲೆಲ್ಯಾಂಡ್ ನಕ್ಕ.
ನಗಲಿ. ಜನವರಿಯಲ್ಲಿ ಹೈಡ್ರಾಲಿಕ್ ಹೋಸು ಒಡೆದು
ಅರ್ಧ ಎತ್ತಿದ ಬಕೆಟ್ಟಿನ ಹಿಮ ಹಾಗೇ ಕಲ್ಲಾದ ರಾತ್ರಿ
ಶೆಡ್ಡಿನ ಬೀಗ ತೆಗೆದವನು ಅದೇ ಗಂಟಲಿನವನು,
ಫರ್ನಾಂಡ್ ಗೊಡ್ರೋ, ಪೈಜಾಮದ ಮೇಲೆ ಕೋಟು.
ಕಂಪ್ಯೂಟರ್ ನೋಡದೆ ಕಪಾಟಿಗೆ ಕೈ ಹಾಕುತ್ತಾನೆ,
ಕೈ ಖಾಲಿ ಬಂದದ್ದು ನಾನಂತೂ ಕಂಡಿಲ್ಲ.

ಮೊನ್ನೆ ಆಯಿಲ್ ಫಿಲ್ಟರಿಗೆ ಹೋಗಿದ್ದೆ.
ಮೇಲಿನ ಅರೆಗೆಂದು ಏಣಿ ಹತ್ತಿದವನು
ಎರಡನೇ ಮೆಟ್ಟಿಲಲ್ಲಿ ನಿಂತ,
ಮಂಡಿ ಹಿಡಿದು, ಬೇರೇನೋ ನೆನೆಯುವವನ ಹಾಗೆ.
ಗಾಡಿಗೆ ಆರು ವರ್ಷದ ವಾರಂಟಿ,
ಕಾಗದ ಡ್ರಾಯರಿನಲ್ಲಿದೆ.
ಆ ಮಂಡಿಗೆಷ್ಟು ಎಂದು ಓಡೆಟ್‌ಳನ್ನು ಕೇಳಲಿಲ್ಲ.
ಏಣಿ ಹಿಡಿದುಕೊಂಡೆ.
‘ಬಿಡು, ಬೀಳಲ್ಲ’ ಅಂದ.
ಬಿಡಲಿಲ್ಲ.

ಫಿಲ್ಟರಿಗೆ ಹದಿನಾಲ್ಕು ಡಾಲರು, ಮೇಲೆ ಚಿಲ್ಲರೆ.
ನಾನು ಜೇಬು ತಡಕುವಷ್ಟರಲ್ಲಿ
ಚಿಲ್ಲರೆ ಮುಂದಿನ ಸಲ ಕೊಡು, ಅಂದಳು ಓಡೆಟ್.