ಎತ್ತಿದ ಕೈ

ನಾಲ್ಕನೇ ನಂಬರಿನ ಆ ಅಂಗಿಯನ್ನು ನಾನು
ಎರಡು ಕಂತಿನಲ್ಲಿ ಒಂಬತ್ತು ವರ್ಷ ಒಗೆದಿದ್ದೇನೆ.
ಹುಲ್ಲಿನ ಕಲೆ ಬಿಡುತ್ತದೆ. ಸುಣ್ಣದ ಗೆರೆ ಬಿಡುತ್ತದೆ.
ರಕ್ತ ಕೂಡ, ಬಿಸಿನೀರು ತಾಗಿಸದಿದ್ದರೆ.
ಮೊದಲು ಹಾಳಾಗುವುದು ಕೊರಳಪಟ್ಟಿ,
ಕಾರ್ನರ್ ಕಿಕ್ಕಿನ ಗುಂಪಿನಲ್ಲಿ
ಯಾರ್ಯಾರೋ ಎಳೆದು, ಜಗ್ಗಿ, ಜೋತು.
ಸುಳ್ಳು ಯಾಕೆ, ಅವನೂ ಕಡಿಮೆ ಎಳೆದವನಲ್ಲ.

ಸೆರ್ವಾಂದೊ. ಅಸ್ತೂರಿಯಾಸಿನ ಗಣಿಕಣಿವೆಯವನು,
ನಲೋನ್ ನದಿ ಇನ್ನೂ ಕಪ್ಪಗೆ ಹರಿಯುತ್ತಿದ್ದಾಗ ಹುಟ್ಟಿದವನು.
ಅಪ್ಪನಿಗೆ ಸುರಂಗದೊಳಗೆ
ಆಸರೆಗೆ ಮರ ನಿಲ್ಲಿಸುವ ಕೆಲಸ.
ಕಡಿದ ಇದ್ದಲನ್ನು ಟನ್ನಿನಲ್ಲಿ ಬರೆದಿಡುತ್ತಿದ್ದರು;
ಕುಸಿಯದ ಮಾಡನ್ನು
ಯಾವ ಪುಸ್ತಕದಲ್ಲಿ ಬರೆಯುತ್ತಾರೆ?

ಹದಿಮೂರರಲ್ಲಿ ಅವನು ಮುಂದೆ ಆಡುತ್ತಿದ್ದ. ಗೋಲು ಹೊಡೆಯುತ್ತಿದ್ದ.
ಒಂದು ಶನಿವಾರ ಸ್ಟಾಪರ್ ಹುಡುಗನಿಗೆ ಮಂಗನಬಾವು.
"ಇವತ್ತೊಂದು ದಿನ ಹಿಂದೆ ನಿಲ್ಲು" ಅಂದ ಕೋಚ್ ಬೆಲಾರ್ಮಿನೊ,
ಬಾಯಲ್ಲಿದ್ದ ಬೀಡಿ ತೆಗೆಯದೆ.
ಆ ಒಂದು ದಿನ
ಇಪ್ಪತ್ತೊಂದು ವರ್ಷ ನಡೆಯಿತು.

ಇಲ್ಲಿ ನಾಲ್ಕು ವರ್ಷ. ಆಮೇಲೆ ಲೂಗೊ,
ಕಾರ್ತಹೇನಾಗೆ ಕಡ ಕೊಟ್ಟರು, ಏಣಿ ಕೊಟ್ಟ ಹಾಗೆ,
ಮೆಟ್ಟಿಲು ಸವೆದು ವಾಪಸು ಬಂತು.
ಮೇಲಿನ ದರ್ಜೆಯಲ್ಲಿ ಒಂದು ಋತು, ಏಳು ಪಂದ್ಯ,
ಅದರಲ್ಲಿ ನಾಲ್ಕು, ಕೊನೆಯ ಹತ್ತು ನಿಮಿಷಕ್ಕೆ,
ಕೈಯಲ್ಲಿದ್ದ ಒಂದು ಗೋಲನ್ನು ಕಾಯಲಿಕ್ಕೆ.
ಸೈಪ್ರಸ್ಸಿನ ಲಾರ್ನಕಾದಲ್ಲಿ ಎರಡು ಬೇಸಗೆ;
ಮೂರು ತಿಂಗಳ ಸಂಬಳ ಇವತ್ತಿಗೂ ಬಾಕಿ.
ಮೂಗು ಮೂರು ಸಲ ಮುರಿಯಿತು,
ಮೂರನೆಯ ಸಲ ನೆಟ್ಟಗಾಯಿತು.

ಒಟ್ಟು ಗೋಲು ಮೂರು. ಟೀವಿಯವರು ತೋರಿಸಿದ್ದು ಒಂದೇ,
ಅದು ನಮ್ಮದೇ ಬಲೆಗೆ.
ತೊಂಬತ್ತನೇ ನಿಮಿಷ, ಎಡಗಡೆಯಿಂದ ತೇಲಿ ಬಂದ ಚೆಂಡು,
ಅವನ ಹಣೆ, ಮೂಲೆ.
ಬಚ್ಚಲಲ್ಲಿ ಬಟ್ಟೆ ಬಿಚ್ಚದೆ ನೀರಿಗೆ ನಿಂತಿದ್ದ.
ಅಪ್ಪ ಫೋನ್ ಮಾಡಿದ. ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.
"ಹೆಡರ್ ಚೆನ್ನಾಗಿತ್ತು ಕಣೋ."

ಅವನ ಕೈ ನನಗೆ ನೆನಪಿದೆ.
ಎದುರಾಳಿ ಬೆನ್ನ ಹಿಂದೆ ಜಾರಿಕೊಂಡ ಗಳಿಗೆ
ಬಲಗೈ ನೆತ್ತಿಯ ಮೇಲಕ್ಕೆ, ಮೊಣಕೈ ಬಾಗದೆ,
ಕಣ್ಣು ಗೆರೆಯಾಚೆಯ ಬಾವುಟದವನ ಮೇಲೆ.
ಪ್ರಾರ್ಥನೆ ಅಂತಿದ್ದಳು ನನ್ನ ತಂಗಿ ಒಬ್ದುಲಿಯಾ.
ಅಲ್ಲ ಮಾರಾಯ್ತಿ, ಅದು ಅರ್ಜಿ.
ಪ್ರಾರ್ಥಿಸುವವನು ಕಣ್ಣು ಮುಚ್ಚುತ್ತಾನೆ.

ತಿರುಗಿ ಬಂದು ಐದು ವರ್ಷ ಆಡಿದ,
ಕೃತಕ ಹುಲ್ಲಿನ ಮೇಲೆ, ಮಂಜುಗಡ್ಡೆ ಕಟ್ಟಿದ ಮೊಣಕಾಲಲ್ಲಿ.
ಕಣಿವೆಯ ಕೊನೆಯ ಬಾವಿಗೆ ಬೀಗ ಬಿದ್ದ ವರ್ಷವೇ
ಅವನಿಗೂ ಕಾಗದ ಬಂತು, ಎರಡು ಸಾಲು,
ಹೆಸರಿನಲ್ಲಿ ಒಂದಕ್ಷರ ತಪ್ಪು.
ಹಾರ ಇಲ್ಲ, ಭಾಷಣ ಇಲ್ಲ. ಕೊನೆಯ ಪಂದ್ಯ ಕೊನೆಯದೆಂದು
ನಮಗೆ ಯಾರಿಗೂ ಗೊತ್ತಿರಲಿಲ್ಲ, ಅವನೊಬ್ಬನ ಬಿಟ್ಟು.
ಅವತ್ತು ಅಂಗಿಯನ್ನು ಬುಟ್ಟಿಗೆ ಎಸೆಯದೆ
ಮಡಿಸಿ ನನ್ನ ಕೈಗೆ ಕೊಟ್ಟ.
ಏನು ಹೇಳಬೇಕು? ಒಗೆದೆ.
ಅಭ್ಯಾಸ.

ಈಗ ಭಾವನ ಸೈಡರ್ ಅಂಗಡಿಯಲ್ಲಿದ್ದಾನೆ.
ನಮ್ಮ ಕಡೆ ಸೇಬಿನ ಮದ್ಯವನ್ನು
ಹತ್ತಿರದಿಂದ ಸುರಿದರೆ ಮರ್ಯಾದೆಯಲ್ಲ:
ಸೀಸೆ ನೆತ್ತಿಯ ಮೇಲೆ, ಲೋಟ ತೊಡೆಯ ಬಳಿ,
ನಡುವೆ ದಾರದಂಥ ಒಂದು ಧಾರೆ.
ಬಲಗೈ ಏಳುತ್ತದೆ, ಮೊಣಕೈ ಬಾಗದೆ.
"ಆಫ್‌ಸೈಡ್!" ಎಂದು ಕೂಗುತ್ತಾನೆ ಮೂಲೆಯ ಮುದುಕ ಸೆಲ್ಸೊ,
ಪ್ರತಿ ಸಲ, ಅದೇ ತಮಾಷೆ,
ಪ್ರತಿ ಸಲ ಅಂಗಡಿಯೆಲ್ಲ ನಗುತ್ತದೆ.
ಎರಡು ಬೆರಳಷ್ಟು ಲೋಟಕ್ಕೆ, ಉಳಿದದ್ದು ನೆಲದ ಮರದ ಪುಡಿಗೆ.
ನಾನು ಮಾತ್ರ ನೋಡಿದ್ದೇನೆ:
ಆ ಕೂಗಿಗೆ ಅವನ ಕಣ್ಣು ಒಮ್ಮೆ
ಗೆರೆಯ ಕಡೆ ಹೊರಳುತ್ತದೆ.
ಅಲ್ಲಿ ಕೊಕ್ಕೆಗೆ ತೂಗುಬಿಟ್ಟ ಹಂದಿತೊಡೆ,
ಪಕ್ಕದಲ್ಲಿ, ಕಳೆದ ವರ್ಷದ ಕ್ಯಾಲೆಂಡರು.