ಸೋಮವಾರದ ಅಳತೆ

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನು.
ಎತ್ತುವ ಮೊದಲೇ ಗೊತ್ತು ಯಾರೆಂದು.
“ಬಂದರಿನವರಿಗೆ ಹದಿನೇಳು ಸೆಂಟಿಮೀಟರು,
ನಮಗೆ ಹನ್ನೊಂದೂವರೆ.
ನಿನ್ನೆ ಗೆದ್ದದ್ದು ಯಾರು ಸ್ವಾಮಿ, ನಾವೋ ಅವರೋ?”

ದರ್ಜಿ ಎವರಿಸ್ತೊ. ಅಂಗಡಿ ಮುಚ್ಚಿ ಒಂಬತ್ತು ವರ್ಷ.
ಕತ್ತರಿ ಮಾರಿದ, ಇಸ್ತ್ರಿಪೆಟ್ಟಿಗೆ ಅಳಿಯನಿಗೆ ಕೊಟ್ಟ,
ಟೇಪು ಮಾತ್ರ ಇನ್ನೂ ಕೊರಳಲ್ಲಿ.
ರೈಲಿನವರ ಮೈದಾನದ ತಗಡಿನ ಕೆಳಗೆ
ಭಾನುವಾರವಿಡೀ ಕೂಗಿ ದನಿ ಬಿದ್ದರೂ
ನನ್ನ ಪಾಲಿನದನ್ನು
ಜೋಪಾನವಾಗಿ ಉಳಿಸಿಕೊಂಡಿರುತ್ತಾನೆ.
“ಫೋಟೋ ಇದೆಯಲ್ಲ, ಅರ್ಧ ಪುಟದ್ದು?” ಅಂದರೆ
“ಅದು ಲೆಕ್ಕಕ್ಕಿಲ್ಲ. ನಮ್ಮ ಹುಡುಗನ ಬೆನ್ನು ಕಾಣುತ್ತದೆ.”

ಹತ್ತಕ್ಕೆ ಬಂದರಿನಿಂದ ದೆಲ್ಮೀರಾ.
ಹಿಂದೆ ಕಡಲಹಕ್ಕಿಗಳ ಜಗಳ, ಐಸು ಒಡೆಯುವ ಸದ್ದು.
“ಅಳೆಯೋಕೆ ನನಗೆ ಟೇಪು ಬೇಡ ಮಗಾ,
ನಿನ್ನ ಪೇಪರಿನಲ್ಲೇ ಮೀನು ಕಟ್ಟೋದು.
ನಮ್ಮ ಸುದ್ದಿ ಒಂದು ಬಾಲವನ್ನೂ ಮುಚ್ಚೋಲ್ಲ,
ಅವರ ಫೋಟೋದಲ್ಲಿ ಇಡೀ ಮೆರ್ಲೂಸಾ
ಗಂಡನ ಮನೆಗೆ ಬಂದವಳ ಹಾಗೆ ಮಲಗುತ್ತೆ.”

ಬಾಹಿಯಾ ಬ್ಲಾಂಕಾದ ಕ್ರೀಡಾಪುಟ, ಇಪ್ಪತ್ತಾರು ವರ್ಷ.
ಅತ್ತ ಹಳಿ, ಇತ್ತ ಅಲೆ.
‘ಜಯಭೇರಿ’ ಅಂದರೆ ಸೋತವರಿಗೆ ಉರಿ,
‘ಗೆಲುವು’ ಅಂದರೆ ಗೆದ್ದವರಿಗೆ.
‘ಸಮಬಲ’ ಅಂತ ಬರೆದ ವಾರ
ಕಚೇರಿಯ ಕಿಟಕಿಗೆ ಎರಡೂ ಬಣ್ಣ ಬಳಿದಿದ್ದರು.
ಈಗೆಲ್ಲ ಪೆನಾಲ್ಟಿ ‘ನೀಡಲಾಯಿತು’,
ಕೆಂಪು ಕಾರ್ಡು ‘ತೋರಿಸಲ್ಪಟ್ಟಿತು’,
ರೆಫರಿಯ ತಾಯಿಯನ್ನು ‘ಸ್ಮರಿಸಲಾಯಿತು’.
ಕರ್ಮಣಿ ಪ್ರಯೋಗವೇ ನನ್ನ ಹೆಲ್ಮೆಟ್ಟು.

ಯಾರ ಕಡೆಯವನೂ ಅಲ್ಲ ಎಂದು
ಮದುವೆಯ ದಿನ ಮಾವನಿಗೂ ಹೇಳಿದ್ದೆ.
ಆದರೆ ಏಳನೇ ವಯಸ್ಸಿನಲ್ಲಿ
ಅಪ್ಪನ ಹೆಗಲ ಮೇಲಿಂದ ಕಂಡ ಒಂದು ಗೋಲಿದೆ,
ಕೆಸರು ಸಿಡಿದು ಬಲೆ ಹೊಟ್ಟೆ ಉಬ್ಬಿಸಿದ್ದು.
ಅಂಗಿ ಯಾವ ಬಣ್ಣದ್ದೆಂದು ಇಲ್ಲಿಯೂ ಬರೆಯಲಾರೆ.
ಅದಕ್ಕೇ ಕತ್ತರಿ ಹಿಡಿದಾಗಲೆಲ್ಲ
ಆ ಬಣ್ಣದವರ ಸಾಲನ್ನೇ ಮೊದಲು ಕತ್ತರಿಸುತ್ತೇನೆ,
ಮಾಸ್ತರು ತನ್ನ ಮಗನಿಗೇ
ಎರಡೇಟು ಜಾಸ್ತಿ ಹಾಕುವ ಹಾಗೆ.

ಒಮ್ಮೆ ರಾಜಧಾನಿಯ ದೊಡ್ಡ ಪತ್ರಿಕೆ
ನಮ್ಮೂರ ಪಂದ್ಯಕ್ಕೆ ಅರ್ಧ ಸಾಲು ಕೊಟ್ಟಿತು.
ಗೋಲು ಹೊಡೆದವನ ಹೆಸರು ತಪ್ಪು,
ಊರಿನ ಹೆಸರಿನಲ್ಲಿ ಒಂದಕ್ಷರ ಕಾಣೆ.
ಆ ಸೋಮವಾರ ಇಬ್ಬರೂ ಫೋನು ಮಾಡಲಿಲ್ಲ.

ಆಗಸ್ಟಿನಲ್ಲಿ ತೆಂಕಣ ಗಾಳಿ
ಮರಳು ಎತ್ತಿ ಬೀದಿಗೆ ಸುರಿಯುತ್ತಿದ್ದಾಗ
ಒಂದು ಸೋಮವಾರ ಒಂಬತ್ತು ಹೊಡೆಯಿತು.
ಒಂಬತ್ತೂ ಐದು. ಒಂಬತ್ತೂಕಾಲು.
ಫೋನಿನ ತಂತಿ ನೆಟ್ಟಗಿದೆಯೇ ಅಂತ
ಎರಡು ಸಲ ಎತ್ತಿ ನೋಡಿದೆ.

ಮಾರನೆಯ ದಿನ ಆರನೇ ಪುಟದಲ್ಲಿ,
ರಾತ್ರಿ ತೆರೆದಿರುವ ಔಷಧದಂಗಡಿಗಳಿಗೂ
ಭರತ ಇಳಿತದ ಪಟ್ಟಿಗೂ ನಡುವೆ,
ಸಿಕ್ಕ ಜಾಗದಲ್ಲಿ ಅವನನ್ನು ಕೂರಿಸಿದೆ:
ಹೆಸರು, ವಯಸ್ಸು, ದರ್ಜಿ, ರೈಲಿನವರ ಅಭಿಮಾನಿ.

ಮುಂದಿನ ಸೋಮವಾರ ಒಂಬತ್ತಕ್ಕೇ ಫೋನು.
ಎತ್ತಿದರೆ ಕಡಲಹಕ್ಕಿಗಳು.
“ನಾಲ್ಕು ಸೆಂಟಿಮೀಟರು!
ಮೊಮ್ಮಗನ ಸ್ಕೇಲು ತಂದು ಅಳೆದಿದ್ದೀನಿ, ಸುಳ್ಳು ಹೇಳಬೇಡ.
ನಲವತ್ತು ವರ್ಷ ನಮ್ಮನ್ನು ಬೈದವನು,
ಒಂದು ಬೈಗುಳ ಎರಡು ಸಲ ಬಳಸಿದವನಲ್ಲ,
ಅಂಥವನಿಗೆ ನಾಲ್ಕೇ?
ರೈಲಿನವನು ಅಂತ ತಾನೆ ಈ ತಾತ್ಸಾರ?
ನಿನ್ನದು ಯಾವ ಕಡೆ ಅಂತ
ನನಗೆ ಮೊದಲಿಂದಲೂ ಗೊತ್ತಿತ್ತು.”

ನಾನು ಸುಮ್ಮನಿದ್ದೆ.
ಐಸು ಒಡೆಯುವ ಸದ್ದೂ ನಿಂತಿತ್ತು.
ಗಾಜಿನ ಮೇಲೆ ಮರಳು, ಸಣ್ಣಗೆ.

ಆಮೇಲೆ ಗಂಟಲು ಸರಿಮಾಡಿಕೊಂಡು ಅವಳು:
“ಇರಲಿ. ನಿನ್ನೆ ನಮಗೆ ಸಿಗದ ಆ ಪೆನಾಲ್ಟಿ,
ಅದನ್ನು ಯಾವ ಪುಟದಲ್ಲಿ ಬಚ್ಚಿಟ್ಟಿದ್ದೀಯ?”